ಗೆಳತಿಯರೆಲ್ಲ ಕೂಡಿ ಒಂದು ಸರದಿ ಓಟ

ಅಣ್ಣಿಗೇರಿಯಿಂದ ಗದಗಿಗೆ ಸುಮಾರು 22 ಕಿಲೋಮೀಟರು. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವುದರೊಳಗೆ ಊರು ಬಂದಿರುತ್ತದೆ. ಅಷ್ಟು ದೂರ ಓಡುತ್ತೀರಾ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? "ಹುಚ್ಚ ಹಿಡದದ ಏನವಾ ನಿನಗ?" ಎಂದು ನಕ್ಕು ಒಲೆಯ ಕಡೆ ತಿರುಗುತ್ತೀರಿ. ಆದರೆ ಸೋದರಿಯರೇ, ಸ್ವಲ್ಪ ಲೆಕ್ಕ ಹಾಕಿ ನೋಡಿ. ನಾವು ಆರು ಮಂದಿ ಗೆಳತಿಯರಿದ್ದರೆ ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕು ಕಿಲೋಮೀಟರಿಗಿಂತ ಕಡಿಮೆ. ಅದನ್ನೂ ಮೂರು ಸರದಿಯಾಗಿ ಹಂಚಿಕೊಂಡರೆ ಒಮ್ಮೆಗೆ ಓಡುವುದು ಹತ್ತೇ ನಿಮಿಷ! ಇದೇ ಸರದಿ ಓಟ, ಅಂದರೆ ರಿಲೇ. ಒಬ್ಬಳಿಂದ ಆಗದ್ದನ್ನು ಆರು ಮಂದಿ ಕೂಡಿ ಮಾಡುವ ಉಪಾಯ.

ಇದು ನಮಗೆ ಹೊಸದಲ್ಲ

ರಿಲೇ ಎಂದರೆ ಪರದೇಶದವರ ಆಟ ಎಂದುಕೊಳ್ಳಬೇಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ 'ಅಂಚೆ' ನಡೆದದ್ದೇ ಹೀಗೆ. ಕಾಗದದ ಚೀಲ ಹೊತ್ತ ಓಟಗಾರ ತನ್ನ ಪಾಲಿನ ದಾರಿ ಓಡಿ ಮುಂದಿನವನ ಕೈಗೆ ಕೊಡುತ್ತಿದ್ದ. ಅವನು ಅದರ ಮುಂದಿನವನಿಗೆ. ಆ ಅಂಚೆ 1889ರಲ್ಲಿ ಬ್ರಿಟಿಷ್ ಸರ್ಕಾರದ ಅಂಚೆಯಲ್ಲಿ ಸೇರಿಹೋಯಿತು, ಹೆಸರು ಮಾತ್ರ ನಮ್ಮ ನಾಲಿಗೆಯ ಮೇಲೆ ಉಳಿಯಿತು.

ಇನ್ನು ನವರಾತ್ರಿಯ ಹೊತ್ತಿಗೆ ತುಳಜಾಪುರದ ಅಂಬಾಭವಾನಿಯ ಗುಡಿಯಲ್ಲಿ ಜ್ಯೋತಿ ಹೊತ್ತಿಸಿಕೊಂಡು ತಮ್ಮ ಊರಿನವರೆಗೆ ಓಡುತ್ತ ತರುವ ಗುಂಪುಗಳು ಮಹಾರಾಷ್ಟ್ರದಲ್ಲೂ ನಮ್ಮ ಗಡಿಭಾಗದಲ್ಲೂ ಇವೆ. ಒಬ್ಬರು ಜ್ಯೋತಿ ಹಿಡಿದು ಓಡುತ್ತಾರೆ, ಉಳಿದವರು ಹಿಂದೆ ಗಾಡಿಯಲ್ಲಿ ಬರುತ್ತಾರೆ. ಓಡುವವರಿಗೆ ದಣಿವಾದರೆ ಇನ್ನೊಬ್ಬರು ಇಳಿಯುತ್ತಾರೆ. ಜ್ಯೋತಿ ಆರಬಾರದು, ಓಟ ನಿಲ್ಲಬಾರದು. ಅಷ್ಟೇ ನಿಯಮ.

ಜಪಾನಿನಲ್ಲಿ ಈ ದೂರದ ಸರದಿ ಓಟಕ್ಕೆ 'ಎಕಿಡೆನ್' ಎನ್ನುತ್ತಾರೆ. ಮೊದಲ ಎಕಿಡೆನ್ ನಡೆದದ್ದು 1917ರಲ್ಲಿ, ಕ್ಯೋಟೋದಿಂದ ಟೋಕಿಯೋವರೆಗೆ. ಸುಮಾರು 500 ಕಿಲೋಮೀಟರು, 23 ಹಂತ. ಒಂದೊಂದು ಹಂತಕ್ಕೆ ಸರಾಸರಿ 22 ಕಿಲೋಮೀಟರು ಬಂತು ನೋಡಿ, ನಮ್ಮ ಅಣ್ಣಿಗೇರಿ-ಗದಗಿನಷ್ಟೇ! ಅವರು ಕೋಲಿನ ಬದಲು ಹೆಗಲ ಮೇಲಿನ ಪಟ್ಟಿಯನ್ನು ಬಿಚ್ಚಿ ಮುಂದಿನವರಿಗೆ ಕೊಡುತ್ತಾರೆ. 1983ರಿಂದ ಕ್ಯೋಟೋದಲ್ಲಿ ಹೆಂಗಸರದೇ ಎಕಿಡೆನ್ ನಡೆಯುತ್ತದೆ. ಒಂಬತ್ತು ಮಂದಿ ಕೂಡಿ 42.195 ಕಿಲೋಮೀಟರು ಮುಗಿಸುತ್ತಾರೆ. ಅಲ್ಲಿ ಎಲ್ಲರಿಗೂ ಸಮಪಾಲು ಇಲ್ಲ. ಶಾಲೆಯ ಹುಡುಗಿಗೆ 3 ಕಿಲೋಮೀಟರು, ಕೊನೆಯಲ್ಲಿ ಓಡುವವಳಿಗೆ 10 ಕಿಲೋಮೀಟರು. ಮನೆಯಲ್ಲಿ ಯಾರ ತಟ್ಟೆಗೆ ಎಷ್ಟು ರೊಟ್ಟಿ ಎಂದು ನಮಗೆ ಗೊತ್ತಿಲ್ಲವೇ? ಹಾಗೆಯೇ ಇದು. ಯಾರ ಶಕ್ತಿಗೆ ಎಷ್ಟೋ ಅಷ್ಟು.

ಅಮೇರಿಕೆಯ ಓರೆಗಾನ್ ಪ್ರಾಂತದಲ್ಲಿ 1982ರಿಂದ ಬೆಟ್ಟದಿಂದ ಸಮುದ್ರದವರೆಗೆ ಸುಮಾರು 320 ಕಿಲೋಮೀಟರಿನ ಸರದಿ ಓಟ ಇದೆ. ಒಂದು ತಂಡದಲ್ಲಿ 12 ಮಂದಿ, ಒಟ್ಟು 36 ಹಂತ. ಒಬ್ಬೊಬ್ಬರಿಗೆ ಮೂರು ಸರದಿ. ರಾತ್ರಿಯೂ ಓಟ. ಅದರಲ್ಲಿ ದೊಡ್ಡ ಓಟಗಾರರಷ್ಟೇ ಅಲ್ಲ, ನಮ್ಮ ನಿಮ್ಮಂಥವರೂ ಗೆಳೆಯರ ಗುಂಪು ಕಟ್ಟಿಕೊಂಡು ಓಡುತ್ತಾರೆ.

"ಹೆಂಗಸರಿಗೆ ಆಗೂದಿಲ್ಲ" ಎಂದವರು

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಬಾರಿಗೆ 800 ಮೀಟರ್ ಓಡಿದರು. ಓಡಿದವರು ದಣಿದು ಬಿದ್ದರೆಂದು ಪತ್ರಿಕೆಗಳು ಗದ್ದಲ ಮಾಡಿದವು. ಗಂಡಸರು ದಣಿದು ಬಿದ್ದರೆ ಶೌರ್ಯ, ಹೆಂಗಸರು ಬಿದ್ದರೆ ಅಪಾಯ! ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬರಲು 1984 ಆಗಬೇಕಾಯಿತು.

ಅದೇ 1984ರ ಲಾಸ್ ಏಂಜಲೀಸ್ ಕೂಟದಲ್ಲಿ ಎಂ.ಡಿ. ವಲ್ಸಮ್ಮ, ವಂದನಾ ರಾವ್, ಶೈನಿ ಅಬ್ರಹಾಂ, ಪಿ.ಟಿ. ಉಷಾ ಈ ನಾಲ್ವರು 4x400 ಮೀಟರ್ ರಿಲೇಯ ಅಂತಿಮ ಓಟ ತಲುಪಿ ಏಳನೆಯವರಾದರು. ಎರಡು ವರ್ಷಕ್ಕೆ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ, ಅದೇ ನಾಲ್ವರು ಚಿನ್ನ ಗೆದ್ದರು. ನಮ್ಮ ಕರ್ನಾಟಕದ ಅಶ್ವಿನಿ ಅಕ್ಕುಂಜಿ 2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ, ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕೂಟಗಳಲ್ಲಿ ಇದೇ ರಿಲೇಯಲ್ಲಿ ಚಿನ್ನದ ತಂಡದಲ್ಲಿದ್ದರು. ಇವರೆಲ್ಲ ಒಬ್ಬೊಬ್ಬರಾಗಿ ಗಟ್ಟಿ ಓಟಗಾರ್ತಿಯರೇ ಸರಿ. ಆದರೆ ಕೋಲು ಕೈಯಿಂದ ಕೈಗೆ ಸರಿಯಾಗಿ ಹೋಗದಿದ್ದರೆ ಆ ಚಿನ್ನ ಎಲ್ಲಿ ಬರುತ್ತಿತ್ತು?

ಮೈದಾನದಲ್ಲೇ ಗದಗಿಗೆ ಹೋಗೋಣ

ಹುಬ್ಬಳ್ಳಿ-ಗದಗ ಹೆದ್ದಾರಿಯಲ್ಲಿ ಓಡಬೇಡಿ, ಮೊದಲೇ ಹೇಳಿಬಿಡುತ್ತೇನೆ. ಲಾರಿಗಳ ಭರಾಟೆ ನಿಮಗೆ ಗೊತ್ತೇ ಇದೆ. ಎರಿ ಹೊಲದ ದಾರಿಯೂ ಮಳೆ ಬಿದ್ದರೆ ಕಾಲು ಹಿಡಿದುಬಿಡುತ್ತದೆ. ಊರಿನ ಶಾಲೆಯದೋ ಕಾಲೇಜಿನದೋ ಮೈದಾನ ಸಾಕು. ಮುಖ್ಯೋಪಾಧ್ಯಾಯರನ್ನು ಕೇಳಿ ರವಿವಾರ ಬೆಳಿಗ್ಗೆ ಒಪ್ಪಿಗೆ ಪಡೆಯಿರಿ.

ಮೈದಾನದ ಒಂದು ಸುತ್ತು 400 ಮೀಟರ್ ಇದ್ದರೆ 55 ಸುತ್ತಿಗೆ 22 ಕಿಲೋಮೀಟರು. ಸುತ್ತು 200 ಮೀಟರ್ ಆದರೆ ಎಲ್ಲವನ್ನೂ ದುಪ್ಪಟ್ಟು ಮಾಡಿಕೊಳ್ಳಿ. ಆರು ಮಂದಿ, ಒಬ್ಬೊಬ್ಬರಿಗೆ ಮೂರು ಸರದಿ, ಸರದಿಗೆ ಮೂರು ಸುತ್ತು. ಒಟ್ಟು 54 ಸುತ್ತಾಯಿತು. ಉಳಿದ ಒಂದನ್ನು ಆರೂ ಮಂದಿ ಜೊತೆಯಾಗಿ ಓಡಿ ಮುಗಿಸಿ! ಕಿಲೋಮೀಟರಿಗೆ 8 ನಿಮಿಷದ ಸಾವಕಾಶ ಓಟವಾದರೂ ಮೂರು ತಾಸಿನೊಳಗೆ ಮುಗಿಯುತ್ತದೆ. ಒಬ್ಬಳು ಹತ್ತು ನಿಮಿಷ ಓಡಿದರೆ ಅವಳಿಗೆ ಮುಂದೆ ಐವತ್ತು ನಿಮಿಷ ವಿಶ್ರಾಂತಿ. ಬೆಳಿಗ್ಗೆ 5.30ಕ್ಕೆ ಶುರು ಮಾಡಿದರೆ 8.30ಕ್ಕೆ ಗದಗ ಮುಟ್ಟಿದಂತೆ. ಮಕ್ಕಳ ಕೈಗೆ ಒಂದು ಹಲಗೆ, ಬಳಪ ಕೊಟ್ಟು ಸುತ್ತು ಎಣಿಸಲು ಕೂಡಿಸಿ. ಮೂವತ್ತನೆಯ ಸುತ್ತಿಗೆ "ಹುಲಕೋಟಿ ಬಂತವ್ವಾ!" ಎಂದು ಅವರು ಕೂಗಲಿ. ದಣಿದ ಕಾಲಿಗೆ ಅದೂ ಒಂದು ಬಲ.

ಎಂಟು ವಾರದ ತಯಾರಿ

ಶುರು ಮಾಡುವ ಮೊದಲು ಡಾಕ್ಟರರ ಹತ್ತಿರ ಹೋಗಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಇದನ್ನು ಬಿಡಲೇಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು! ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ನಾವು ವಯಸ್ಸಿನ ಮೇಲೆ ಹಾಕಿಬಿಡುತ್ತೇವೆ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮೊದಲು ಅದಕ್ಕೆ ಔಷಧ, ಆಮೇಲೆ ಓಟ. ರಾಜಗಿರಿ, ಮೆಂತ್ಯದ ಪಲ್ಯಕ್ಕೆ ಲಿಂಬೆ ಹಿಂಡಿಕೊಳ್ಳಿ, ಊಟದ ಬೆನ್ನಿಗೇ ಚಹಾ ಕುಡಿಯಬೇಡಿ.

ಮೊದಲ ಎರಡು ವಾರ: ವಾರಕ್ಕೆ ಐದು ದಿನ ಅರ್ಧ ತಾಸು ಬಿರುಸಿನ ನಡಿಗೆ.
ಮೂರು, ನಾಲ್ಕನೆಯ ವಾರ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ, ವಾರಕ್ಕೆ ಮೂರು ದಿನ.
ಐದು, ಆರನೆಯ ವಾರ: ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹತ್ತು ಸಲ.
ಏಳನೆಯ ವಾರ: ಹತ್ತು ನಿಮಿಷ ನಿಲ್ಲದೆ ಓಟ, ವಿಶ್ರಾಂತಿ, ಮತ್ತೊಮ್ಮೆ ಹತ್ತು ನಿಮಿಷ.
ಎಂಟನೆಯ ವಾರ: ಹಗುರ ನಡಿಗೆ, ಕೋಲು ಕೊಟ್ಟು ತೆಗೆದುಕೊಳ್ಳುವ ಅಭ್ಯಾಸ.

ಓಡುವಾಗ ಗೆಳತಿಯ ಜೊತೆ ಒಂದೆರಡು ಮಾತು ಆಡಲು ಬರಬೇಕು. ಮಾತೇ ಹೊರಡದಿದ್ದರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಂತು ಡಾಕ್ಟರರನ್ನು ಕಾಣಿ. ಛಲ ಮಾಡಬೇಡಿ.

ಸೀರೆಯಲ್ಲಿ ಓಡುವುದು ಕಷ್ಟ, ಎಡವುವ ಭಯ. ಸಡಿಲವಾದ ಚೂಡಿದಾರ ಸಾಕು, ದುಪ್ಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ಬೂಟು ಮಾತ್ರ ಓಟದ್ದೇ ಇರಲಿ, ಚಪ್ಪಲಿ ಬೇಡ. ಒಳಉಡುಪು ಮೈ ಹಿಡಿದಿರಬೇಕು.

ಇನ್ನೊಂದು ಮಾತು. ಹೆರಿಗೆಯಾದ ಎಷ್ಟೋ ಮಂದಿಗೆ ಓಡಿದರೆ, ಕೆಮ್ಮಿದರೆ ಮೂತ್ರ ಹನಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ನನಗ ಓಡೂದು ಸೇರೂದಿಲ್ಲ" ಎಂದು ಹಿಂದೆ ಸರಿಯುತ್ತಾರೆ. ಇದು ನಾಚಿಕೆಯ ವಿಷಯವಲ್ಲ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿದು ಸಡಿಲಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ರೊಟ್ಟಿ ಬಡಿಯುತ್ತ ಕೂತಾಗಲೂ ಮಾಡಬಹುದು. ಕೆಲವು ತಿಂಗಳು ಬಿಡದೆ ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಕಡಿಮೆಯಾಗದಿದ್ದರೆ ಲೇಡಿ ಡಾಕ್ಟರರನ್ನು ಕೇಳಿ.

ಚೀಲದಲ್ಲಿರಲಿ ಶೇಂಗಾ ಉಂಡಿ

ಹೊಟ್ಟೆ ತುಂಬಿಕೊಂಡು ಓಡಬಾರದು, ಬರಿಹೊಟ್ಟೆಯೂ ಬೇಡ. ಓಟಕ್ಕೆ ಮೊದಲು ಒಂದು ಬಾಳೆಹಣ್ಣು, ಸರದಿಗಳ ನಡುವೆ ನೀರು, ಉಪ್ಪು ಹಾಕಿದ ತಿಳಿಮಜ್ಜಿಗೆ, ಒಂದು ಉಂಡಿ.

ಬೇಕಾಗುವುದು: ಶೇಂಗಾ 2 ಬಟ್ಟಲು, ಬೆಲ್ಲದ ಪುಡಿ 1 ಬಟ್ಟಲು, ಎಳ್ಳು ಕಾಲು ಬಟ್ಟಲು, ತುರಿದ ಒಣಕೊಬ್ಬರಿ ಕಾಲು ಬಟ್ಟಲು, ಯಾಲಕ್ಕಿ 2, ತುಪ್ಪ 1 ಚಮಚ.

ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿ. ಎಳ್ಳು, ಕೊಬ್ಬರಿ ಬೆಚ್ಚಗೆ ಮಾಡಿ. ಬೆಲ್ಲ, ಯಾಲಕ್ಕಿ ಪುಡಿ ಸೇರಿಸಿ ಮತ್ತೊಮ್ಮೆ ಕುಟ್ಟಿದರೆ ಶೇಂಗಾದ ಎಣ್ಣೆ ಬಿಟ್ಟು ಹದಕ್ಕೆ ಬರುತ್ತದೆ. ತುಪ್ಪ ಸವರಿದ ಕೈಯಿಂದ ಲಿಂಬೆಗಾತ್ರದ ಉಂಡಿ ಕಟ್ಟಿ. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರರನ್ನು ಕೇಳಿ ತಿನ್ನಿ.

ಕೋಲು ಕೊಡುವುದೂ ಒಂದು ವಿದ್ಯೆ

ಪಂದ್ಯದ ರಿಲೇ ಕೋಲು 28ರಿಂದ 30 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ನಮ್ಮ ಲಟ್ಟಣಿಗೆಯಷ್ಟು. ಅಭ್ಯಾಸಕ್ಕೆ ಲಟ್ಟಣಿಗೆಯನ್ನೇ ಒಯ್ಯಿರಿ, ಯಾರು ಬೇಡ ಅಂತಾರೆ? ತೆಗೆದುಕೊಳ್ಳುವವಳು ನಿಂತಲ್ಲೇ ನಿಲ್ಲದೆ ನಾಲ್ಕು ಹೆಜ್ಜೆ ಮೊದಲೇ ಓಟ ಶುರು ಮಾಡಬೇಕು, ಕೈಯನ್ನು ಹಿಂದಕ್ಕೆ ಚಾಚಬೇಕು. ಕೊಡುವವಳು "ಹಿಡಿ" ಎಂದು ಕೂಗಿ ಅಂಗೈಗೆ ಒತ್ತಬೇಕು. ಅವಳು ಗಟ್ಟಿ ಹಿಡಿದ ಮೇಲೆಯೇ ನೀವು ಬಿಡಬೇಕು. ಕೋಲು ಬಿದ್ದರೆ ಬೀಳಿಸಿದವಳೇ ಎತ್ತಿಕೊಳ್ಳಬೇಕು, ಇದು ಪಂದ್ಯದ ನಿಯಮ. ಬಿದ್ದರೆ ಓಟ ಮುಗಿಯಲಿಲ್ಲ, ಎತ್ತಿಕೊಂಡು ಮುಂದೆ ಓಡಿದರಾಯಿತು.

ತಂಡ ಕಟ್ಟುವಾಗ ಜೋರಾಗಿ ಓಡುವವರನ್ನಷ್ಟೇ ಹುಡುಕಬೇಡಿ. ಹೊತ್ತಿಗೆ ಸರಿಯಾಗಿ ಬರುವವಳು ಬೇಕು, ನಗಿಸುವವಳು ಬೇಕು. ಹಿಂದೆ ಬಿದ್ದವಳನ್ನು ಆಡಿಕೊಳ್ಳುವವಳು ಮಾತ್ರ ಬೇಡ. ನಿಧಾನ ಓಡುವವಳಿಗೆ ಎರಡು ಸುತ್ತು ಕೊಟ್ಟು, ಗಟ್ಟಿಗಿತ್ತಿ ನಾಲ್ಕು ಓಡಲಿ. ಕೋಲು ಮುಂದೆ ಹೋಗುತ್ತಿದ್ದರೆ ಸಾಕು. ಒಬ್ಬಳಿಗೆ ಅಂದು ಮುಟ್ಟಾದರೆ, ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಅವಳ ಸರದಿಗೆ ನಿಲ್ಲಲು ಏಳನೆಯವಳೊಬ್ಬಳು ಇರಲಿ.

"ಮಂದಿ ಏನಂದಾರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಬ್ಬಳೇ ಓಡಿದರೆ ನೋಡುವವರು ನೋಡಿ ನಕ್ಕಾರು. ಆರು ಮಂದಿ ಕೂಡಿ ಓಡಿದರೆ ನಾಲ್ಕು ದಿನ ನೋಡುತ್ತಾರೆ, ಐದನೆಯ ದಿನ "ನಾನೂ ಬರಲೇನ್ರೀ?" ಎಂದು ಕೇಳುವವರೂ ಇರುತ್ತಾರೆ.

ಮನೆಯ ಕೋಲು ಯಾರ ಕೈಗೆ?

ಇಷ್ಟೆಲ್ಲ ಓದಿ ನೀವು ಅನ್ನಬಹುದು, "ಎಲ್ಲಾ ಖರೆ, ರವಿವಾರ ಮುಂಜಾನೆ ಮೂರು ತಾಸು ಮನಿ ಯಾರು ನೋಡ್ತಾರ?" ಕಷ್ಟ ಇರುವುದು ಇಲ್ಲಿಯೇ, ಮೈದಾನದಲ್ಲಲ್ಲ. ನಮ್ಮ ಮನೆಗೆಲಸವೂ ಒಂದು ದೂರದ ಓಟವೇ. ಕಸಮುಸುರೆಯಿಂದ ಶುರುವಾಗಿ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ. ಆದರೆ ಅದು ಸರದಿ ಓಟವಲ್ಲ. ಕೋಲು ನಮ್ಮ ಕೈಯಲ್ಲೇ ಇರುತ್ತದೆ. ತೆಗೆದುಕೊಳ್ಳಲು ಯಾರೂ ಕೈ ಚಾಚುವುದಿಲ್ಲ. ಚಾಚಿದರೂ ನಾವು ಬಿಡುವುದಿಲ್ಲ. "ನಿಮಗ ಬರೂದಿಲ್ಲ, ಸರೀರಿ" ಎಂದು ಕಸಿದುಕೊಳ್ಳುತ್ತೇವೆ.

ಆದ್ದರಿಂದ ಎಂಟು ವಾರದ ತಯಾರಿ ನಮಗಷ್ಟೇ ಅಲ್ಲ, ಮನೆಯವರಿಗೂ ಇರಲಿ. ಮೊದಲ ವಾರ ಯಜಮಾನರು ಚಹಾ ಮಾಡಲಿ. ಮೂರನೆಯ ವಾರ ಮಗ ಅವಲಕ್ಕಿ ಒಗ್ಗರಣೆ ಹಾಕಲಿ. ಮಗಳಿಗೆ ಮಾತ್ರ ಹೇಳಿ ಮಗನನ್ನು ಬಿಡಬೇಡಿ ಮತ್ತೆ! ಆರನೆಯ ವಾರಕ್ಕೆ ಉಪ್ಪಿಟ್ಟು, ಹಾಸಿಗೆ ಮಡಚುವುದು, ನೀರು ತುಂಬುವುದು ಅವರ ಪಾಲಿಗೆ ಬರಲಿ. ಉಪ್ಪಿಟ್ಟು ಗಂಟಾದರೆ ಆಗಲಿ. ಪಂದ್ಯದ ನಿಯಮ ನೆನಪಿರಲಿ, ಬೀಳಿಸಿದವರೇ ಎತ್ತಿಕೊಳ್ಳಬೇಕು. ನೀವು ಮೈದಾನದಿಂದ ಓಡಿಬಂದು ಸೌಟು ಹಿಡಿಯಬೇಡಿ.

ಅತ್ತೆಯವರು ಏನೆಂದಾರೋ ಎಂಬ ಅಂಜಿಕೆ ಇದ್ದರೆ ಅವರನ್ನೂ ಮೈದಾನಕ್ಕೆ ಕರೆತನ್ನಿ. ಕುರ್ಚಿ ಹಾಕಿ ಕೂಡಿಸಿ, ಉಂಡಿಯ ಡಬ್ಬಿ ಅವರ ಕೈಗೆ ಕೊಡಿ. ಚಿಕ್ಕಂದಿನಲ್ಲಿ ಹೊಲದ ಬದುವಿನ ಮೇಲೆ ಓಡಿದ ಕಾಲು ಅವರದೂ ಅಲ್ಲವೇ?

ಸುಗ್ಗಿಯ ಗಡಿಬಿಡಿ ಮುಗಿದು, ಬಿಸಿಲು ಏರುವ ಮೊದಲಿನ ದಿನಗಳು ಇದಕ್ಕೆ ಒಳ್ಳೆಯ ಕಾಲ. ಇವತ್ತೇ ಒಂದು ಹಾಳೆ ತೆಗೆದುಕೊಂಡು ಮೊದಲ ಹೆಸರು ನಿಮ್ಮದೇ ಬರೆಯಿರಿ. ಉಳಿದ ಐದು ಹೆಸರು ನೀರಿನ ನಳದ ಹತ್ತಿರ, ಗುಡಿಯ ಕಟ್ಟೆಯ ಮೇಲೆ, ಸಂಘದ ಸಭೆಯಲ್ಲಿ ಸಿಗುತ್ತವೆ. ಸಿಕ್ಕ ಮೇಲೆ ನಾಳೆ ಬೆಳಿಗ್ಗೆಯೇ ಅರ್ಧ ತಾಸು ನಡೆಯಲು ಶುರು ಮಾಡಿ.