‘ದೇವರು ಮಾಡಿದನು’ – ವಚನ ದೋಷವೇ?

ಕಳೆದ ತಿಂಗಳು ವುಡ್‌ರಿಡ್ಜಿನ ನಮ್ಮ ಮನೆಯಲ್ಲಿ ಐದಾರು ಮಂದಿ ಕೂತು ಹಳೆಯ ಕನ್ನಡ ಬೈಬಲ್ಲಿನ ಮೊದಲ ಪುಟ ಓದುತ್ತಿದ್ದೆವು. ಕರ್ತೃಪದ ‘ದೇವರು’, ಕ್ರಿಯಾಪದ ಮಾತ್ರ ‘-ಮಾಡಿದನು’. ಗುಂಪಿನಲ್ಲಿದ್ದ ಕನ್ನಡ ಮೇಷ್ಟ್ರ ಮಗ “ವಚನ ತಪ್ಪು!” ಅಂದೇಬಿಟ್ಟರು. ದಿನವಿಡೀ ಕಂಪೈಲರ್ ಕೈಲಿ ಬೈಸಿಕೊಳ್ಳುವ ನನಗೂ ಹಾಗೇ ಅನ್ನಿಸಿತು.

ಆದರೆ ಮೂಲ ಹೀಬ್ರೂವಿನಲ್ಲೂ ಇದೇ ಕಥೆ. ‘ಎಲೋಹೀಮ್’ ರೂಪದಲ್ಲಿ ಬಹುವಚನ. ಜೊತೆಗಿರುವ ‘ಬಾರಾ’ (ಸೃಷ್ಟಿಸಿದನು) ಏಕವಚನ. ನಾವೂ “ದೇವರು ಕಣ್ಣು ಬಿಟ್ಟ” ಅನ್ನುವುದಿಲ್ಲವೇ? ಹಾಗಾಗಿ ಕನ್ನಡದಲ್ಲಿ ಇದು ಸಲೀಸಾಗಿ ಕೂತಿದೆ.

ನಿಜವಾದ ತಕರಾರು ಶುರುವಾಗುವುದು 26ನೇ ವಾಕ್ಯದಲ್ಲಿ. ಅಲ್ಲಿ ಕ್ರಿಯಾಪದವೂ ಬಹುವಚನ! ಮನುಷ್ಯನನ್ನು ಸೃಷ್ಟಿಸುವ ಮುನ್ನ ದೇವರು ‘ಮಾಡೋಣ’ ಎನ್ನುತ್ತಾನೆ. ಯಾರೊಡನೆ? ತಂದೆ ಮಗನಿಗೆ ಹೇಳಿದ್ದು ಎಂದು 2ನೇ ಶತಮಾನದಲ್ಲೇ ಜಸ್ಟಿನ್ ವಾದಿಸಿದ. ತಂದೆ, ಮಗ, ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಎಂಬ ತ್ರಿಯೇಕತ್ವ ಸಿದ್ಧಾಂತ 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳಲ್ಲಿ ಗಟ್ಟಿಯಾಯಿತು. (ನಮ್ಮ ತ್ರಿಮೂರ್ತಿಗಳಂತೆ ಕೆಲಸ ಹಂಚಿಕೊಂಡವರಲ್ಲ ಇವರು; ಸೃಷ್ಟಿಯಲ್ಲೂ ಮೂವರಿದ್ದಾರೆ.) ಆ ‘ಮಾಡೋಣ’ದಲ್ಲಿ ಕ್ರೈಸ್ತ ಓದುಗರಿಗೆ ಮೂವರೂ ಕಂಡರು.

11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿಗೆ ಅಲ್ಲಿ ಕಂಡದ್ದು ದೇವದೂತರು. ದೊಡ್ಡವರು ಚಿಕ್ಕವರನ್ನೂ ಒಂದು ಮಾತು ಕೇಳಬೇಕು ಎಂಬ ವಿನಯವನ್ನು ಕಲಿಸಲು ಹಾಗೆ ಬರೆದಿದೆಯಂತೆ! ಬಹುವಚನ ನೋಡಿ ಹಲವು ದೇವರೆಂದು ವಾದಿಸುವವರಿಗೆ ಮುಂದಿನ ವಾಕ್ಯದ ಏಕವಚನವೇ ಉತ್ತರ ಎಂದೂ ಆತ ಸೇರಿಸುತ್ತಾನೆ.

ಸಿದ್ಧಾಂತ ಓದುವ ಕಣ್ಣನ್ನಷ್ಟೇ ಅಲ್ಲ, ಪಠ್ಯವನ್ನೂ ಮುಟ್ಟುವುದುಂಟು. ಯೋಹಾನನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಮೂವರನ್ನೂ ಹೆಸರಿಸುವ ಒಂದು ಮಾತು ಹಳೆಯ ಗ್ರೀಕ್ ಪ್ರತಿಗಳಲ್ಲಿಲ್ಲ. ಎರಾಸ್ಮಸ್ 1516ರ ಮುದ್ರಣದಲ್ಲಿ ಅದನ್ನು ಬಿಟ್ಟ. ಗಲಾಟೆಯಾಗಿ, 1522ರಲ್ಲಿ ಸೇರಿಸಿದ. ಕುಮಾರವ್ಯಾಸನಲ್ಲಿ ಪ್ರಕ್ಷಿಪ್ತ ಹುಡುಕುವ ನಮಗೆ ಇದೇನು ಹೊಸದಲ್ಲ.

ಅಂದು ನಮ್ಮೊಡನಿದ್ದ ಮಂಗಳೂರಿನ ಕ್ರೈಸ್ತ ಗೆಳತಿ ಮೆಲ್ಲಗೆ ಕೇಳಿದರು: “ಹಾಗಾದರೆ ನಮ್ಮಜ್ಜಿ ಓದಿದ್ದು ತಪ್ಪಾ?” ಬರೆದವನ ಮನಸ್ಸಿನಲ್ಲಿ ತ್ರಿಯೇಕತ್ವ ಇದ್ದಿರಲಾರದು ಅಂತಲೇ ನನ್ನ ಅನಿಸಿಕೆ. ಆದರೂ ‘ತಪ್ಪು’ ಅನ್ನಲು ಬಾಯಿ ಬರಲಿಲ್ಲ. ಛಾಂದೋಗ್ಯದ ಪ್ರಸಿದ್ಧ ಮಾತಿನಲ್ಲಿ ಶಂಕರರು ‘ಅದು ನೀನೇ’ ಎಂದು ಓದಿದರೆ, ನಮ್ಮ ಉಡುಪಿಯ ಮಧ್ವರು ಸಂಧಿಯನ್ನು ಬೇರೆ ರೀತಿ ಬಿಡಿಸಿ, ಒಂದು ‘ಅ’ ಹೊರತೆಗೆದು, ‘ಅದು ನೀನಲ್ಲ’ ಎಂದು ಓದಿದರು. ನಮ್ಮಲ್ಲಿ ಎರಡೂ ಓದಿಗೆ ಮಠಗಳಿವೆ!

ಮುಂದಿನ ಸಲ 18ನೇ ಅಧ್ಯಾಯ, ಅಬ್ರಹಾಮನ ಡೇರೆಗೆ ಮೂವರು ಅತಿಥಿಗಳು ಬರುವ ಪ್ರಸಂಗ. ಓದಿಕೊಂಡು ಬನ್ನಿ. ಗೆಳತಿ ಅಜ್ಜಿಯ ಪ್ರತಿಯನ್ನೇ ತರುತ್ತಾರಂತೆ.