ಬಾಟಲಿ ರಾಕೆಟ್ ಬಿಡೋ ಮಕ್ಕಳಿಗೆ ಸೈಕಲ್ ಪಂಪ್ ಸಾಕು, ಪಂಕ್ಚರ್ ಅಂಗಡಿ ಕಂಪ್ರೆಸರ್ ಬೇಡ

ಕೊಳ್ಳೇಗಾಲ: ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಬಂತು ಅಂದ್ರೆ ಶಾಲೆಗಳಲ್ಲಿ ವಸ್ತುಪ್ರದರ್ಶನದ ಗಡಿಬಿಡಿ. ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಪ್ರಾಜೆಕ್ಟ್ ಅಂದ್ರೆ ನೀರಿನ ಬಾಟಲಿ ರಾಕೆಟ್. ಬೆಂಕಿ ಇಲ್ಲ, ಮದ್ದು ಇಲ್ಲ. ಆದರೆ ಅಪಾಯವೇ ಇಲ್ಲ ಅಂತ ಅಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಪೋಷಕರು, ಅಂಗಡಿಯವರು ಇದನ್ನು ತಿಳಿದಿರಬೇಕು.

ಹಾರೋದು ಹೇಗೆ?

ಬಾಟಲಿಯಲ್ಲಿ ಮೂರರಲ್ಲಿ ಒಂದು ಭಾಗ ನೀರು, ಉಳಿದದ್ದು ಗಾಳಿ. ಪಂಪ್ ಹೊಡೆದಂತೆ ಒಳಗಿನ ಗಾಳಿ ಒತ್ತಿಕೊಳ್ಳುತ್ತೆ. ಬಾಯಿ ಬಿಚ್ಚಿದ ಕೂಡಲೇ ಗಾಳಿ ನೀರನ್ನು ಕೆಳಕ್ಕೆ ತಳ್ಳುತ್ತೆ, ಬಾಟಲಿ ಮೇಲಕ್ಕೆ ಏಳುತ್ತೆ. ಇದೇ ನ್ಯೂಟನ್ನನ ಮೂರನೇ ನಿಯಮ. ನೀರು ಜಾಸ್ತಿಯಾದರೆ ಭಾರ, ಕಡಿಮೆಯಾದರೆ ತಳ್ಳುವ ಬಲ ಬೇಗ ಮುಗಿಯುತ್ತೆ.

ಮಾಡೋದು ಹೇಗೆ?

ತಂಪು ಪಾನೀಯದ ಬಾಟಲಿಯನ್ನೇ ತಗೊಳ್ಳಿ. ಅದು ಗ್ಯಾಸಿನ ಒತ್ತಡ ತಡೆಯೋಕೆ ಅಂತಲೇ ಮಾಡಿದ್ದು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗೀರು ಬಿದ್ದದ್ದು, ನೆಗ್ಗಿದ್ದು, ಬಿಸಿಲಲ್ಲಿ ಒಣಗಿದ್ದು ಕೂಡ ಬೇಡ. ರಟ್ಟಿನ ಮೂರು ರೆಕ್ಕೆಗಳನ್ನು ಬಾಯಿ ಕಡೆ ಟೇಪಿನಿಂದ ಅಂಟಿಸಿ. ಬಿಸಿ ಅಂಟು ಹಾಕಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತೆ. ತಲೆ ಕಡೆ ಒಂದು ಉಂಡೆ ಜೇಡಿಮಣ್ಣು ಇಟ್ಟರೆ ನೆಟ್ಟಗೆ ಹಾರುತ್ತೆ. ರಬ್ಬರ್ ಕಾರ್ಕಿಗೆ ಫುಟ್‌ಬಾಲ್ ಗಾಳಿ ಸೂಜಿ ಚುಚ್ಚಿ, ಮೂರ್ನಾಲ್ಕು ಮೀಟರ್ ಟ್ಯೂಬಿನಲ್ಲಿ ಸೈಕಲ್ ಪಂಪಿಗೆ ಜೋಡಿಸಿ.

ಒತ್ತಡ ಹೆಚ್ಚಾದಾಗ ಕಾರ್ಕ್ ತಾನೇ ಜಾರಿ ರಾಕೆಟ್ ಹೊರಡುತ್ತೆ. ಅಂದ್ರೆ ಆ ಕಾರ್ಕೇ ರಕ್ಷಣೆ. ಇನ್ನೂ ಎತ್ತರ ಹೋಗಲಿ ಅಂತ ಅದನ್ನು ಗಮ್ಮಿನಿಂದ ಅಂಟಿಸೋದು, ತಂತಿ ಬಿಗಿಯೋದು ಮಾಡಲೇಬೇಡಿ. ಮೀಟರ್ ಇರುವ ಪಂಪ್ ಆದರೆ 40 ಪಿಎಸ್‌ಐಗೆ ನಿಲ್ಲಿಸಿ.

ಪಂಕ್ಚರ್ ಅಂಗಡಿಯವರ ಗಮನಕ್ಕೆ

ಮಕ್ಕಳು ಬಾಟಲಿ ಹಿಡ್ಕೊಂಡು "ಅಣ್ಣ, ಸ್ವಲ್ಪ ಗಾಳಿ ಹಾಕಿ" ಅಂತ ಬಂದ್ರೆ ದಯವಿಟ್ಟು ಹಾಕಬೇಡಿ. ಕಂಪ್ರೆಸರ್ ಟ್ಯಾಂಕಿನಲ್ಲಿ 100 ಪಿಎಸ್‌ಐ ಮೀರಿದ ಒತ್ತಡ ಇರೋದುಂಟು. ಕಣ್ಣು ಮಿಟುಕಿಸೋದರೊಳಗೆ ಬಾಟಲಿ ಒಡೆದು ಚೂರು ಮುಖಕ್ಕೆ ಸಿಡಿಯಬಹುದು.

ಬಿಡುವ ಜಾಗ ಬಯಲಾಗಿರಲಿ, ಮೇಲೆ ಕರೆಂಟ್ ತಂತಿ ಇರಬಾರದು. ಶಿಕ್ಷಕರು ಜೊತೆಗಿರಲಿ, ಪಂಪ್ ಹೊಡೆಯುವವರು ಕನ್ನಡಕ ಹಾಕಿರಲಿ, ನೋಡುವವರು ದೂರ ನಿಲ್ಲಲಿ. ರಾಕೆಟ್ ಹಾರದಿದ್ದರೆ ಬಗ್ಗಿ ನೋಡಬೇಡಿ; ಪಂಪ್ ಕಡೆಯ ಟ್ಯೂಬ್ ಬಿಚ್ಚಿ ಗಾಳಿ ಇಳಿಸಿ.

ನಮ್ಮ ನೆಲದ ರಾಕೆಟ್

ಒತ್ತಡ ತಡೆಯುವ ಕೊಳವೆಯ ಮಹತ್ವ ಮೈಸೂರಿನವರಿಗೆ ಹಳೆಯ ವಿದ್ಯೆ. ಹೈದರಾಲಿ, ಟಿಪ್ಪು ಕಾಲದ ರಾಕೆಟ್‌ಗಳ ಬಲ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಒಳಗಿನ ಮದ್ದಿನ ಒತ್ತಡ ತಡೆದಷ್ಟೂ ರಾಕೆಟ್ ದೂರ ಹೋಗುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದವು. ಹಾಗಂತ ಮಕ್ಕಳು ಲೋಹದ ಡಬ್ಬ, ಪೈಪಿಗೆ ಕೈ ಹಾಕಬಾರದು. ಒಡೆದರೆ ಪ್ರಾಣಕ್ಕೇ ಕುತ್ತು.

ಬಹುಮಾನ ಬೇಕಾ?

ಎತ್ತರ ಹಾರಿಸಿದರಷ್ಟೇ ಪ್ರಾಜೆಕ್ಟ್ ಆಗಲ್ಲ, ಲೆಕ್ಕ ಬೇಕು. ಕಾಲು, ಮೂರನೇ ಒಂದು, ಅರ್ಧ ಭಾಗ ಹೀಗೆ ನೀರು ಬದಲಿಸಿ ತಲಾ ಮೂರು ಸಲ ಬಿಡಿ. ಮೊಬೈಲ್ ಸ್ಟಾಪ್‌ವಾಚಿನಲ್ಲಿ, ಮೇಲೇರಿ ನೆಲ ಮುಟ್ಟುವವರೆಗಿನ ಸಮಯ ಬರೆದುಕೊಳ್ಳಿ. ಒಟ್ಟು 4 ಸೆಕೆಂಡ್ ಆದರೆ ಎತ್ತರ ಹೆಚ್ಚು ಕಡಿಮೆ 20 ಮೀಟರ್. ಯಾವ ಅಳತೆಗೆ ಹೆಚ್ಚು ಹಾರಿತು, ಯಾಕೆ ಅಂತ ಹೇಳಿದ ಮಗುವೇ ವಿಜ್ಞಾನ ಕಲಿತಂತೆ.