ಸ್ಕ್ಯಾನಿಂಗ್‌ನಲ್ಲಿ ಮಗುವಿನ ಪಾದ ತಿರುಚಿದೆ ಎಂದರೆ

ಗರ್ಭಿಣಿಯರಿಗೆ ಐದನೇ ತಿಂಗಳ ಹೊತ್ತಿಗೆ, ಅಂದರೆ 18ರಿಂದ 20 ವಾರಗಳಲ್ಲಿ, ವೈದ್ಯರು ಒಂದು ವಿವರವಾದ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮಗುವಿನ ತಲೆ, ಹೃದಯ, ಬೆನ್ನುಮೂಳೆ, ಕೈಕಾಲುಗಳನ್ನು ಒಂದೊಂದಾಗಿ ನೋಡುವ ಪರೀಕ್ಷೆ ಇದು. ವರದಿಯಲ್ಲಿ 'ಕ್ಲಬ್‌ಫೂಟ್' ಎಂಬ ಪದ ಕಂಡರೆ ಮನೆಯವರು ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲಿ ದುಡುಕಿನ ತೀರ್ಮಾನ ಆಗಬಾರದೆಂದು ಈ ವಿಷಯವನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಕ್ಲಬ್‌ಫೂಟ್ ಎಂದರೆ ಪಾದವು ಒಳಕ್ಕೆ ಮತ್ತು ಕೆಳಕ್ಕೆ ತಿರುಚಿಕೊಂಡಿರುವುದು. ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದಗಳು ಹೀಗಿರುತ್ತವೆ. ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ ಮೊಣಕಾಲಿನ ಕೆಳಗಿನ ಎರಡು ಎಲುಬುಗಳು ಉದ್ದಕ್ಕೆ ಕಾಣುವಾಗ ಪಾದ ಪಕ್ಕದಿಂದ ಕಾಣುತ್ತದೆ. ಪಾದ ತಿರುಚಿದ್ದರೆ ಆ ಎಲುಬುಗಳ ಜೊತೆಯಲ್ಲೇ ಅಂಗಾಲು ಪೂರ್ತಿಯಾಗಿ ಕಾಣುತ್ತದೆ.

ಇಲ್ಲಿ ಎರಡು ಮಾತು ನೆನಪಿಡಬೇಕು. ಮಗು ಕಾಲು ಮಡಚಿಕೊಂಡಿದ್ದರೂ ಹಾಗೆ ಕಾಣುವುದುಂಟು. ಆದ್ದರಿಂದ ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ, ಖಚಿತವಾಗುವುದು ಹೆರಿಗೆಯಾದ ಮೇಲೆಯೇ. ಎರಡನೆಯದು, ಬೆನ್ನುಮೂಳೆ ಮುಂತಾದ ಬೇರೆ ಅಂಗಗಳು ಸರಿಯಾಗಿವೆಯೇ ಎಂದು ವೈದ್ಯರನ್ನು ಕೇಳಿ. ಪಾದದ ತೊಂದರೆ ಒಂದೇ ಆಗಿದ್ದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಗ್ರಹಣದ ದಿನ ಚಾಕು ಹಿಡಿದಳು, ಹೊರಗೆ ಬಂದಳು ಎಂದು ತಾಯಿಯನ್ನು ದೂರುವುದನ್ನು ನಾವು ನಮ್ಮ ಮೊಹಲ್ಲಾಗಳಲ್ಲೂ ಕೇಳುತ್ತೇವೆ. ಗ್ರಹಣಕ್ಕೂ ಯಾರ ಸಾವು-ಬದುಕಿಗೂ ಸಂಬಂಧವಿಲ್ಲವೆಂದು ಪ್ರವಾದಿಯವರು (ಸ) ತಮ್ಮ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ತಿಳಿಸಿದ್ದರು. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಡಾ. ಪೊನ್ಸೆಟಿ ಅವರು ರೂಪಿಸಿದ ವಿಧಾನ ಈಗ ಎಲ್ಲೆಡೆ ಬಳಕೆಯಲ್ಲಿದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ತಿದ್ದಿ, ಮತ್ತೆ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಬೇಕಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿಯಾದ ನರದಂಥ ಪಟ್ಟಿಯನ್ನು ಸಡಿಲಿಸುವ ಚಿಕ್ಕ ಶಸ್ತ್ರಚಿಕಿತ್ಸೆಯೂ ಆಗುತ್ತದೆ.

ಅನಂತರ ಬರುವುದೇ ಕಷ್ಟದ ಘಟ್ಟ. ಒಂದು ಸರಳಿಗೆ ಎರಡು ಬೂಟು ಜೋಡಿಸಿದ ಬ್ರೇಸನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಲಗುವಾಗ ಮಾತ್ರ, ಮಗುವಿಗೆ ನಾಲ್ಕೈದು ವರ್ಷವಾಗುವವರೆಗೆ ಹಾಕಬೇಕು. ಪಾದ ನೆಟ್ಟಗಾಯಿತಲ್ಲ, ಮಗು ಅಳುತ್ತದೆ ಎಂದು ನಡುವೆ ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಪೂರ್ತಿಗೊಳಿಸಿದರೆ ಮಗು ಎಲ್ಲರಂತೆ ನಡೆದು ಶಾಲೆಗೆ ಹೋಗುತ್ತದೆ.

2013ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆಯರನ್ನು ಅಥವಾ ಜಿಲ್ಲಾ ಆಸ್ಪತ್ರೆಯನ್ನು ವಿಚಾರಿಸಿ.

ದಾನಿಗಳಲ್ಲಿ ನಮ್ಮದೊಂದು ಮನವಿ. ಚಿಕಿತ್ಸೆ ಉಚಿತವಾದರೂ ಪ್ರತಿ ವಾರದ ಪ್ರಯಾಣ, ತಪ್ಪಿಹೋಗುವ ಕೂಲಿ ಬಡವರಿಗೆ ಹೊರೆಯೇ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ ಆ ಖರ್ಚಿಗೆ ಹೆಗಲು ಕೊಡಿ. ಮುಂದೆ ಅದೇ ಮಗು ವಿದ್ಯಾರ್ಥಿವೇತನದ ಅರ್ಜಿ ಹಿಡಿದು ತಾನೇ ನಡೆದು ಬರಲಿ, ಇನ್‌ಶಾ ಅಲ್ಲಾಹ್.